ಗೋಡೆಯ ಕಲೆ ಮುಚ್ಚಲು ಹೊರಟ ಬಟ್ಟೆ ಹೂಗಳು

ನಮ್ಮ ಚಾವಡಿಯ ಗೋಡೆಯಲ್ಲಿ ಒಂದು ಕಲೆ ಇದೆ. ಟೆರೇಸಿನಿಂದ ನೀರು ಇಳಿದು ಆದದ್ದು. ಊಟದ ಬಟ್ಟಲಿನಷ್ಟು ಅಗಲ, ಅಂಚೆಲ್ಲ ಕಂದು. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆಯ ಮಳೆ ಗೊತ್ತಿದ್ದವರಿಗೆ ಇದೇನೂ ಹೊಸ ಸಂಗತಿ ಅಲ್ಲ. ಆದರೆ ಆ ಭಾನುವಾರ ಮಂಗಳೂರಿನಿಂದ ನಾದಿನಿ ಬರುವವಳಿದ್ದಳು. ಆಟಿ ಅಂದರೆ ತುಳುವರ ಜೋರು ಮಳೆಯ ತಿಂಗಳು, ಆಗ ಪೇಂಟ್ ಹೊಡೆದರೆ ಒಣಗುವುದಿಲ್ಲ. ಕ್ಯಾಲೆಂಡರ್ ತೂಗುಹಾಕಿ ನೋಡಿದೆ, ಕಲೆ ಎರಡೂ ಬದಿಯಿಂದ ಇಣುಕಿತು. ಕೊನೆಗೆ ಮೊಬೈಲಿನಲ್ಲಿ ವಿಡಿಯೋ ನೋಡಿ, ಬಟ್ಟೆ ಹೂಗಳ ಒಂದು ದೊಡ್ಡ ಚಕ್ರ ಮಾಡಿ ಅಲ್ಲಿ ನೇತುಹಾಕುವುದು ಅಂತ ತೀರ್ಮಾನ ಮಾಡಿದೆ.

ಬಟ್ಟೆಗೆ ದುಡ್ಡು ಖರ್ಚು ಮಾಡುವ ಮನಸ್ಸಿರಲಿಲ್ಲ. ಪೇಟೆಯಲ್ಲಿ ನಾನು ರವಿಕೆ ಹೊಲಿಸುವ ಅಕ್ಕನ ಹತ್ತಿರ ಹೋಗಿ "ತುಣಿಕಷಣಂ ಉಂಡೋ?", ತುಂಡು ಬಟ್ಟೆ ಉಂಟಾ ಅಂತ ಕೇಳಿದೆ. ನನ್ನ ಮಲಯಾಳ ಕೇಳಿ ಅವರು ನಕ್ಕರು, ಆಮೇಲೆ ಕನ್ನಡದಲ್ಲೇ "ಬೇಕಾದಷ್ಟು ಉಂಟು, ತಕ್ಕೊಂಡು ಹೋಗಿ" ಅಂದು ಒಂದು ಅಕ್ಕಿ ಚೀಲ ತುಂಬ ತುಂಡು ಬಟ್ಟೆ ಕೊಟ್ಟರು. ಲಂಗದ ಸ್ಯಾಟಿನ್, ದುಪಟ್ಟಾದ ಜಾರ್ಜೆಟ್, ಆರ್ಗಂಜಾ, ರವಿಕೆಯ ಕಾಟನ್, ಲೈನಿಂಗ್, ಎಲ್ಲ ಒಟ್ಟಿಗೆ ಗಂಟು ಬಿದ್ದು ಕೂತಿದ್ದವು. ಆಟಿಯಲ್ಲಿ ಮದುವೆ ಮುಂಜಿ ಇಲ್ಲದ ಕಾರಣ ಅವರಿಗೂ ಪುರುಸೊತ್ತು ಇತ್ತು. ಒಂದು ಗಂಟೆ ಮಾತಾಡಿ ಬಂದೆ.

ಶನಿವಾರ ಬೆಳಗ್ಗೆ ಕೂತೆ. ಎರಡು ವರ್ಷದ ಹಿಂದೆ ತರಿಸಿದ ಗ್ಲೂ ಗನ್ ಅಟ್ಟದಿಂದ ಇಳಿಸಿ, ಪ್ಲಗ್ ಹಾಕಿ, ಇನ್ನೇನು ಅಂಟು ಬಿಸಿಯಾಗಬೇಕು, ಕರೆಂಟ್ ಹೋಯಿತು. ಎಲ್ಲಿಯೋ ತಂತಿ ಮೇಲೆ ಮರ ಬಿದ್ದಿದೆಯಂತೆ. ಹಾಗೆ ಅಂದರೆ ಆ ದಿನಕ್ಕೆ ಕರೆಂಟಿನ ಆಸೆ ಬಿಟ್ಟ ಹಾಗೆಯೇ.

ಸರಿ, ಹೂವಿನ ಎಸಳು ಮುದುರಿಸಲು ಹೇಗೂ ಮೊಂಬತ್ತಿ ಬೇಕಲ್ವಾ, ಅದನ್ನೇ ಹಚ್ಚಿಕೊಂಡೆ. ಲೋಟ, ಟೀ ಗ್ಲಾಸು, ಮದ್ದಿನ ಬಾಟ್ಲಿಯ ಮುಚ್ಚಳ ಇಟ್ಟು ಪೆನ್ಸಿಲಿನಲ್ಲಿ ಗೀಟು ಹಾಕಿ ದೊಡ್ಡದು ಸಣ್ಣದು ವೃತ್ತಗಳನ್ನು ಕತ್ತರಿಸಿದೆ. ವಿಡಿಯೋದಲ್ಲಿ ಆ ಹುಡುಗಿ ವೃತ್ತದ ಅಂಚನ್ನು ಜ್ವಾಲೆಯ ಹತ್ತಿರ ಹಿಡಿದರೆ ಸಾಕು, ಅದು ಒಳಗೆ ಬಾಗಿ ಎಸಳಿನ ಹಾಗೆ ಆಗುತ್ತಿತ್ತು. ನಾನು ಮೊದಲು ಕೈಗೆ ತಕ್ಕೊಂಡದ್ದು ಒಂದು ಚಂದದ ಹಳದಿ ತುಂಡು. ಹಿಡಿದೆ. ಬಾಗಲಿಲ್ಲ. ಇನ್ನೂ ಹತ್ತಿರ ಹಿಡಿದೆ. ಭಗ್ಗನೆ ಹೊತ್ತಿಕೊಂಡಿತು! ಗಾಬರಿಯಲ್ಲಿ ಬಿಸಾಡಿದ್ದು ಹೋಗಿ ಬಿದ್ದದ್ದು ಬಟ್ಟೆ ಚೀಲದ ಪಕ್ಕಕ್ಕೆ. ಚೀಲದ ಒಳಗೆ ಬಿದ್ದಿದ್ದರೆ ಮನೆಯ ಕಥೆ ಏನಾಗುತ್ತಿತ್ತೋ, ಈಗ ನೆನೆದರೂ ಮೈ ಜುಂ ಅನ್ನುತ್ತದೆ.

ವಾಸನೆಗೆ ಅತ್ತೆ ಅಡುಗೆಮನೆಯಿಂದ ಬಂದರು. ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿ "ಎಂತ ಮಾರಾಯ್ತಿ, ಇದು ಹತ್ತಿಯದ್ದಲ್ವಾ? ಹತ್ತಿ ಸುಟ್ಟರೆ ಬಾಗುತ್ತದಾ?" ಅಂದರು. ಆಮೇಲೆ ಚೀಲ ಎಳೆದುಕೊಂಡು ಅಲ್ಲೇ ಕೂತುಬಿಟ್ಟರು. ಪ್ರತಿ ತುಂಡಿನಿಂದ ಒಂದು ನೂಲು ಎಳೆಯುವುದು, ಇಕ್ಕುಳದಲ್ಲಿ ಹಿಡಿದು ಮೊಂಬತ್ತಿಗೆ ತೋರಿಸುವುದು, ಮೂಸುವುದು. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾದರೆ ಹತ್ತಿ. ತಲೆಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟಿಕೊಂಡರೆ "ನೈಲಾನ್". ಅವರಿಗೆ ಪಾಲಿಯೆಸ್ಟರೂ ನೈಲಾನೇ, ಜಾರ್ಜೆಟ್ಟೂ ನೈಲಾನೇ. ತಪ್ಪೇನೂ ಇಲ್ಲ ಬಿಡಿ, ಮೊಂಬತ್ತಿಯ ಮುಂದೆ ಅವೆಲ್ಲ ಒಂದೇ ರೀತಿ ನಡೆದುಕೊಳ್ಳುತ್ತವೆ. ಎಲ್ಲದಕ್ಕೂ ಸ್ಯಾಟಿನ್ ಅನ್ನುತ್ತೇವಲ್ಲ, ಅದರಲ್ಲಿ ಒಂದು ತುಂಡು ರೇಷ್ಮೆ ಅಂತ ನನಗೆ ಗೊತ್ತಾದದ್ದೂ ಅವರ ಮೂಗಿನಿಂದಲೇ. ವಿಡಿಯೋದ ಹುಡುಗಿ ಇದನ್ನು ಒಂದು ಮಾತು ಹೇಳಬಹುದಿತ್ತು.

ಎರಡು ರಾಶಿ ಆಯಿತು. ಕರಗುವುದು ನನ್ನ ಪಾಲಿಗೆ, ಕರಗದ್ದು ಅತ್ತೆಯ ಪಾಲಿಗೆ.

ನನ್ನ ರಾಶಿಯಲ್ಲಿ ಕೆಲಸ ಬೇಗ ಕೈಗೆ ಹತ್ತಿತು. ವೃತ್ತದ ಅಂಚಿನಿಂದ ನಡುವಿನ ತನಕ ಹೋಗದ ಹಾಗೆ ನಾಲ್ಕೈದು ಕಡೆ ಕತ್ತರಿ ಹಾಕಬೇಕು, ಆಮೇಲೆ ಅಂಚನ್ನು ಜ್ವಾಲೆಯ ಒಳಗಲ್ಲ, ಪಕ್ಕದಲ್ಲಿ ಹಿಡಿಯಬೇಕು. ಒಳಗೆ ಹೋದರೆ ಮಸಿ ಹಿಡಿಯುತ್ತದೆ. ಕೆಂಪು, ನೇರಳೆ ಬಣ್ಣಕ್ಕೆ ಮಸಿ ಕಾಣುವುದಿಲ್ಲ, ಬಿಳಿಗೆ ಹಿಡಿದರೆ ಆ ಎಸಳನ್ನು ಬಿಸಾಡುವುದೇ ಸೈ. ಮಳೆಗಾಲದ ಗಾಳಿಗೆ ಜ್ವಾಲೆ ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೆ ನಾನು ಮೊಂಬತ್ತಿಯನ್ನು ಒಂದು ಡಬ್ಬಿಯೊಳಗೆ ಇಟ್ಟುಕೊಂಡೆ. ಹೀಗೆ ಐದು ವೃತ್ತ, ದೊಡ್ಡದು ಕೆಳಗೆ, ಸಣ್ಣದು ಮೇಲೆ, ಸೀಳುಗಳು ಒಂದರ ಮೇಲೊಂದು ಬಾರದ ಹಾಗೆ ಸ್ವಲ್ಪ ತಿರುಗಿಸಿ ಇಟ್ಟು, ಮಗಳ ಹರಿದ ಸರದ ಮಣಿಯೊಂದನ್ನು ನಡುವಿಗೆ ಹೊಲಿದರೆ ಹೂ ಆಯಿತು. ಒಮ್ಮೆ ಕರಗಿದ ಹನಿ ಹೆಬ್ಬೆರಳಿಗೆ ಬಿತ್ತು. ಬಿಸಿನೀರಾದರೆ ಕೊಡವಬಹುದು, ಇದು ಅಂಟಿಯೇ ಕೂರುತ್ತದೆ. ಬೆರಳಲ್ಲಿ ಆ ಕಲೆ ಇನ್ನೂ ಇದೆ.

ಅತ್ತೆಯ ದಾರಿಯೇ ಬೇರೆ. ಅವರು ಕಪಾಟಿನಿಂದ ತಮ್ಮ ಹಳೆಯ ಕಾಸರಗೋಡು ಸೀರೆಯನ್ನು ತಂದರು. ಇಲ್ಲಿಯ ಕೈಮಗ್ಗದ ಹತ್ತಿ ಸೀರೆ, ಇಂಥ ಊರಿನದ್ದೇ ವಿಶೇಷ ಅಂತ ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದ್ದು. ಅಷ್ಟು ಗಟ್ಟಿ ಬಟ್ಟೆಯೂ ಮಡಿಕೆ ಬಿದ್ದ ಕಡೆ ಹರಿದಿತ್ತು ಅಂದರೆ ಎಷ್ಟು ವರ್ಷ ಉಟ್ಟಿರಬೇಕು! ಹರಿದ ಭಾಗ ಮಾತ್ರ ಕತ್ತರಿಸಿ, ಮಧ್ಯಾಹ್ನದ ಅನ್ನ ಬಸಿದ ತೆಳಿಯಲ್ಲಿ, ಅಂದರೆ ಗಂಜಿನೀರಿನಲ್ಲಿ, ಅದ್ದಿದರು. ನಮ್ಮದು ಕುಚ್ಚಿಲಕ್ಕಿ, ತೆಳಿಯೂ ಸ್ವಲ್ಪ ಕೆಂಪು. ಬೆಳ್ತಿಗೆ ಅಕ್ಕಿಯದ್ದಾದರೆ ಬಣ್ಣ ಹಿಡಿಯುತ್ತಿರಲಿಲ್ಲ ಅಂತ ನಾನು ಹೇಳುವಷ್ಟರಲ್ಲಿ ಬಟ್ಟೆ ರೆಂಜೆ (ಬಕುಳ) ಹೂವಿನ ಬಣ್ಣಕ್ಕೆ ತಿರುಗಿತ್ತು. ನಿಜ ಹೇಳಬೇಕಾದರೆ ಮೊದಲಿಗಿಂತ ಚಂದವೇ ಇತ್ತು. ಬಿಸಿಲಿಲ್ಲ, ಇಸ್ತ್ರಿಗೆ ಕರೆಂಟಿಲ್ಲ. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದಾಯಿತು. ಹಾಗಾಗಿ ಆ ಹೂಗಳಿಗೆ ಪರಿಮಳವೂ ಇತ್ತು, ಹೊಗೆಯದ್ದು.

ಗರಿಗರಿಯಾದ ಬಟ್ಟೆಯ ವೃತ್ತವನ್ನು ಅರ್ಧ ಮಡಚಿ, ಮತ್ತೆ ಅರ್ಧ ಮಡಚಿ, ಬಾಗಿದ ಅಂಚಿನಲ್ಲಿ ದೊಡ್ಡ ದೊಡ್ಡ ಹೊಲಿಗೆ. ಅದೇ ನೂಲಿಗೆ ಐದು ಎಸಳು ಏರಿಸಿ ಎಳೆದರೆ ನೆರಿಗೆ ಬಿದ್ದು ದುಂಡಗೆ ಹೂ ನಿಲ್ಲುತ್ತದೆ. ಅಂಚೆಲ್ಲ ಒಳಗೆ ಸೇರುವುದರಿಂದ ನೂಲು ಬಿಡುವ ಚಿಂತೆಯೂ ಇಲ್ಲ. ನಾನು ಒಂದು ಮಾಡುವಾಗ ಅವರದ್ದು ಮೂರು ಆಗುತ್ತಿತ್ತು. ಹೂ ಕಟ್ಟಿ ಅಭ್ಯಾಸವಾದ ಬೆರಳುಗಳಲ್ಲವಾ.

ಇವನ್ನೆಲ್ಲ ಯಾವುದಕ್ಕೆ ಅಂಟಿಸುವುದು? ರಟ್ಟಾದರೆ ಈ ತೇವಕ್ಕೆ ಎರಡು ದಿನದಲ್ಲಿ ಬಾಗುತ್ತದೆ. ಫೆವಿಕಾಲ್ ಒಣಗಲು ಯಾವ ಕಾಲವೋ. ಅತ್ತೆ ಹಿತ್ತಿಲಿನಿಂದ ಅಡಿಕೆ ಹಾಳೆ ತಂದು ನೀರಲ್ಲಿ ನೆನೆಹಾಕಿದರು. ನೆನೆದ ಹಾಳೆ ಚರ್ಮದ ಹಾಗೆ ಮೆತ್ತಗೆ, ದಬ್ಬಣ ಸಲೀಸಾಗಿ ಇಳಿಯುತ್ತದೆ. ದುಂಡಗೆ ಕತ್ತರಿಸಿ, ಹೊಲಿಗೆಗೆ ತೂತು ಮಾಡಿ, ಕೆಳಗೆ ಮಣೆ, ಮೇಲೆ ರುಬ್ಬುವ ಗುಂಡು ಇಟ್ಟು ಒಲೆಯ ಪಕ್ಕ ಬಿಟ್ಟೆವು. ರಾತ್ರಿಗೆ ಹಲಗೆಯ ಹಾಗೆ ಗಟ್ಟಿ. ನಡುವಿನಲ್ಲಿ ನನ್ನ ಸ್ಯಾಟಿನ್, ಸುತ್ತ ಅವರ ಸೀರೆ ಹೂಗಳು, ಹಿಡಿಸೂಡಿ (ಪೊರಕೆ) ಕಡ್ಡಿಗೆ ಹಸಿರು ಬಟ್ಟೆ ಸುತ್ತಿದ ದಂಟು. ಹನ್ನೊಂದು ಗಂಟೆಗೆ ಗೋಡೆಗೆ ಹಾಕಿದಾಗ ಕರೆಂಟ್ ಬಂತು. ಗ್ಲೂ ಗನ್ ಪ್ಲಗ್ಗಿನಲ್ಲೇ ಇತ್ತು!

ನಾದಿನಿ ಬಂದವಳು ಚಪ್ಪಲಿ ಕಳಚುತ್ತಲೇ ನೋಡಿದಳು. "ಚಂದ ಉಂಟು ಅತ್ತಿಗೆ" ಅಂದು ಸೀದಾ ಹೋಗಿ ಅದನ್ನು ಎತ್ತಿ ಹಿಂದೆ ಇಣುಕಿದಳು. ಹುಟ್ಟಿ ಬೆಳೆದ ಮನೆ, ಎಲ್ಲಿ ಸೋರುತ್ತದೆ ಅಂತ ಅವಳಿಗೆ ಗೊತ್ತಿಲ್ಲವಾ.

ಮೂರು ವಾರದಲ್ಲಿ ಅತ್ತೆಯ ಹೂಗಳಿಗೆ ಬೂಷ್ಟು ಬಂತು. ತೆಳಿ ಅಂದರೆ ಅನ್ನವೇ ಅಲ್ವಾ, ಒದ್ದೆ ಗೋಡೆಯಲ್ಲಿ ಬೇರೇನಾಗಬೇಕು. ಎರಡು ಹೂಗಳನ್ನು ಜಿರಳೆಯೂ ತಿಂದಿತ್ತು. ನನ್ನ ಸ್ಯಾಟಿನ್ ಹೂಗಳಿಗೆ ಏನೂ ಆಗಿರಲಿಲ್ಲ, ಬರೀ ಧೂಳು. ನಾನು ಬಾಯಿ ಬಿಡಲಿಲ್ಲ. ಅತ್ತೆ ತಮ್ಮವನ್ನೆಲ್ಲ ಬಿಡಿಸಿ, ಒಗೆದು, ಚಳಿಗಾಲದಲ್ಲಿ ಮತ್ತೆ ತೆಳಿ ಹಾಕುತ್ತೇನೆ ಅಂತ ಡಬ್ಬಿಯಲ್ಲಿ ಎತ್ತಿಟ್ಟರು.

ಕಲೆ ಈಗ ಹಾಳೆಯ ಅಂಚನ್ನೂ ದಾಟಿದೆ. ಟೆರೇಸಿಗೆ ಶೀಟ್ ಹಾಕಿಸೋಣ ಅಂತ ಇವರು ಹೇಳುತ್ತಿದ್ದಾರೆ. ಅತ್ತೆ ಇನ್ನೂ ದೊಡ್ಡದೊಂದು ಹಾಳೆ ನೆನೆಹಾಕಿದ್ದಾರೆ.