ಟ್ರೋಸ್ಟ್‌ನ ಪ್ರಹಸನ ಚಿತ್ರಗಳಿಗೆ ವಿವರ ಬರೆಯುವಾಗ

ಡಚ್ ಚಿತ್ರಕಾರ ಕಾರ್ನೆಲಿಸ್ ಟ್ರೋಸ್ಟ್ (1696–1750) ಬಿಡಿಸಿದ ನಾಟಕದ ದೃಶ್ಯಗಳನ್ನು ದಾಖಲಿಸುವಾಗ ಆಗುವ ಮೊದಲ ತಪ್ಪು, ಚಿತ್ರದಲ್ಲಿ ರಂಗಮಂಚ ಹುಡುಕುವುದು. ಪರದೆಯಿಲ್ಲ, ಪ್ರೇಕ್ಷಕರಿಲ್ಲ, ಕಾಣುವುದು ಡಚ್ಚರ ಮಾಮೂಲಿ ಮನೆ. ಹಾಗಾಗಿ 'ಕುಟುಂಬದ ದೃಶ್ಯ' ಎಂದು ಬರೆದು ಮುಗಿಸಿಬಿಡುತ್ತಾರೆ. ಆದರೆ ಇವನು ಆಮ್‌ಸ್ಟರ್‌ಡ್ಯಾಮಿನ ರಂಗಮಂದಿರದಲ್ಲಿ ನಟನಾಗಿದ್ದವನು, ಹೆಂಡತಿಯೂ ನಟಿ. ವೇದಿಕೆಯನ್ನು ಬಿಟ್ಟು ಕಥೆಯನ್ನಷ್ಟೇ ಮನೆಯೊಳಗೆ ತಂದು ಕೂರಿಸಿದ್ದಾನೆ.

ಗುರುತಿಸುವ ದಾರಿ ಸರಳ. ಚಿತ್ರದಲ್ಲಿರುವವರನ್ನು ಎಣಿಸಿ: ಯಾರು ಮಾತಾಡುತ್ತಿದ್ದಾರೆ, ಯಾರು ಕದ್ದು ಕೇಳುತ್ತಿದ್ದಾರೆ? ಆಮೇಲೆ ನಾಟಕದ ಹಳೆಯ ಮುದ್ರಣ ತೆರೆಯಿರಿ. ಆ ಕಾಲದ ಡಚ್ ನಾಟಕಗಳಲ್ಲಿ ಪ್ರತಿ ದೃಶ್ಯದ ತಲೆಯಲ್ಲೇ ಪಾತ್ರಗಳ ಹೆಸರಿರುವುದು ವಾಡಿಕೆ. ಎರಡನ್ನೂ ತಾಳೆ ಹಾಕಿದರೆ ಅರ್ಧ ಕೆಲಸ ಆದಂತೆ.

ಉಡುಪು ನೋಡಿ ಕಾಲ ಹೇಳಲು ಹೋಗಬೇಡಿ. ಥಾಮಸ್ ಆಸೆಲೈನ್‌ನ 'ಯಾನ್ ಕ್ಲಾಸ್' ನಾಟಕ 1682ರದು. ಪ್ರೇಯಸಿ ಸಾರ್ಚೆಯ ಮನೆಗೆ ನಾಯಕ ಮನೆಗೆಲಸದವಳ ವೇಷದಲ್ಲಿ ನುಗ್ಗುವ ಕಥೆ. ಟ್ರೋಸ್ಟ್ ಅದನ್ನು ಬಿಡಿಸಿದ್ದು 1738ರಲ್ಲಿ. ನಡುವೆ 56 ವರ್ಷ. ದಾಖಲೆಯಲ್ಲಿ ನಾಟಕದ ವರ್ಷ, ಚಿತ್ರದ ವರ್ಷ, ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ.

ಇದಕ್ಕೆ ತದ್ವಿರುದ್ಧ ಗುಂಡಿಯೂ ಒಂದಿದೆ. ಹೇಗ್‌ನ ಮೌರಿತ್ಸ್‌ಹೌಸ್ ವಸ್ತುಸಂಗ್ರಹಾಲಯದಲ್ಲಿರುವ 'ನೆಲ್ರಿ' ಸರಣಿಯ 5 ಚಿತ್ರಗಳು ಪ್ರಹಸನದಂತೆಯೇ ಕಾಣುತ್ತವೆ: ಗೆಳೆಯರು ಸದ್ದಿಲ್ಲದೆ ಸೇರುತ್ತಾರೆ, ಕುಡಿಯುತ್ತಾರೆ, ಕೊನೆಗೆ ಕೆಲವರಿಗೆ ನಿಲ್ಲಲೂ ಆಗುವುದಿಲ್ಲ. ನಾಟಕ ಹುಡುಕಿ ದಣಿಯಬೇಡಿ. ಹೆಸರು ಬಂದದ್ದು ಐದೂ ಚಿತ್ರಗಳ ಲ್ಯಾಟಿನ್ ಬರಹಗಳ ಮೊದಲ ಅಕ್ಷರಗಳಿಂದ.

ಮಾಧ್ಯಮದ ಕಾಲಂನಲ್ಲಿ 'ಪೇಸ್ಟಲ್' (ಪುಡಿಬಣ್ಣದ ಕಡ್ಡಿ) ಎಂದಷ್ಟೇ ಬರೆದರೆ ಅರ್ಧ ಸತ್ಯ. ನೆಲ್ರಿಯಲ್ಲಿ ಕುಂಚದಿಂದ ಹಚ್ಚಿದ ಗೌಶ್, ಅಂದರೆ ನೀರಿನಲ್ಲಿ ಕಲಸಿದ ಮಂದ ಬಣ್ಣ, ಕೂಡ ಇದೆ. ಪಕ್ಕದಿಂದ ಓರೆ ಬೆಳಕು ಬಿಟ್ಟು ನೋಡಿ: ಪೇಸ್ಟಲ್‌ನ ಪುಡಿ, ಕಾಗದದ ತರಿಯ ಮೇಲೆ ಕೂತಿರುತ್ತದೆ, ಗೌಶ್ ಹೊದಿಕೆಯಂತೆ ಹರಡಿರುತ್ತದೆ. ಗೌಶ್ ನೀರಿಗೆ ಕರಗುತ್ತದೆ, ಪೇಸ್ಟಲ್ ತಟ್ಟಿದರೆ ಉದುರುತ್ತದೆ. ಒಂದೇ ಹಾಳೆಗೆ ಎರಡು ಬಗೆಯ ಭಯ. ಆದ್ದರಿಂದ ಮುಖ ಮೇಲಾಗಿ, ಮಟ್ಟಸವಾಗಿ ಸಾಗಿಸಿ. ಗಾಜು ಚಿತ್ರಕ್ಕೆ ತಾಗದಂತೆ ಅಂಚಿನಲ್ಲಿ ಪಟ್ಟಿ ಕೊಡಿ. ಮಾಮೂಲಿ ಅಕ್ರಿಲಿಕ್ ಹಾಳೆ ಬೇಡವೇ ಬೇಡ, ಒರೆಸಿದಾಗ ಹುಟ್ಟುವ ಸ್ಥಿರವಿದ್ಯುತ್ತಿಗೆ ಪುಡಿ ಮೇಲೆದ್ದು ಅಂಟಿಕೊಳ್ಳುತ್ತದೆ. ಬೆಳಕು 50 ಲಕ್ಸ್ ದಾಟದಿರಲಿ. ಚೌಕಟ್ಟಿನ ಒಳಗೆ ಕೆಳಅಂಚಿನಲ್ಲಿ ಬಣ್ಣದ ಪುಡಿ ಕಂಡರೆ ಗಾಜು ತೆಗೆದು ಒರೆಸಬೇಡಿ. ಎಲ್ಲಿ, ಯಾವ ಬಣ್ಣ, ಎಷ್ಟು ಎಂದು ಫೋಟೋ ಸಮೇತ ಬರೆದಿಟ್ಟು ಕಾಗದದ ಸಂರಕ್ಷಕರನ್ನು ಕರೆಯಿರಿ.