ಹಳೇ ಐಬುಕ್, ಹೊಸ ಬೂಟ್‌ಲೋಡರ್

ಹಳೇ ಆಪಲ್ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಹೋಗಿ ಸೋತವರು ಸಾಮಾನ್ಯವಾಗಿ ಕರ್ನಲ್ಲನ್ನು, ಅಂದರೆ ಲಿನಕ್ಸಿನ ತಿರುಳನ್ನು, ಬೈಯುತ್ತಾರೆ. ಪಾಪ, ಎಷ್ಟೋ ಸಲ ಕರ್ನಲ್‌ವರೆಗೆ ಮಾತು ಹೋಗಿಯೇ ಇರುವುದಿಲ್ಲ. ಅದಕ್ಕಿಂತ ಮೊದಲೇ, ಬೂಟ್‌ಲೋಡರ್ ಹತ್ತಿರವೇ ಗಾಡಿ ನಿಂತಿರುತ್ತದೆ. ಬೂಟ್‌ಲೋಡರ್ ಅಂದರೆ ಯಂತ್ರ ಆನ್ ಆದಾಗ ಕರ್ನಲ್ಲನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್.

ನನ್ನ ಹತ್ತಿರ ಇರುವುದು ಆಪಲ್ಲಿನ ಹಳೇ ಲ್ಯಾಪ್‌ಟಾಪ್ ಐಬುಕ್ ಜಿ4. ಸೋದರಮಾವನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡಿ ಸವೆದದ್ದು. "ಗುಜರಿಗೆ ಹಾಕೋ ಅಂದ್ರೆ ತಗೊಂಡು ಕೂತಿದೀಯಲ್ಲೋ" ಅಂತ ಮಾವ ಈಗಲೂ ನಗುತ್ತಾರೆ. ಒಳಗಿರುವುದು ಪವರ್‌ಪಿಸಿ ಚಿಪ್. 2006ರಲ್ಲಿ ಆಪಲ್ ಇಂಟೆಲ್ ಕಡೆ ಹೊರಳಿತು. 2017ರಲ್ಲಿ ಬಂದ ಡೆಬಿಯನ್ 9ರಿಂದ (ಡೆಬಿಯನ್ ಅಂದರೆ ಲಿನಕ್ಸಿನ ಒಂದು ಬಗೆ) ಈ ಚಿಪ್ ಡೆಬಿಯನ್ನಿನ ಅಧಿಕೃತ ಪಟ್ಟಿಯಲ್ಲೂ ಇಲ್ಲ. ಅದರ ಅನಧಿಕೃತ ಶಾಖೆ ಡೆಬಿಯನ್ ಪೋರ್ಟ್ಸ್‌ನಲ್ಲಿ ಮಾತ್ರ ಕೆಲವು ಉತ್ಸಾಹಿಗಳು ಇದನ್ನು ಇನ್ನೂ ಸಾಕುತ್ತಿದ್ದಾರೆ.

ಹಿಂದೆ ನಾನೇ ಜೋಡಿಸಿಕೊಂಡಿದ್ದ ಇನ್‌ಸ್ಟಾಲರ್ ಸಿಡಿ ಒಂದಿತ್ತು. ಕರ್ನಲ್ಲನ್ನು ಆಗಾಗ ಬದಲಿಸುತ್ತಿದ್ದೆ, ಬೂಟ್‌ಲೋಡರ್ ಮಾತ್ರ ಅದೇ ಹಳೇ ಯಾಬೂಟ್. 'ಎಲ್' ಒತ್ತಿದರೆ ಲಿನಕ್ಸ್, 'ಎಕ್ಸ್' ಒತ್ತಿದರೆ ಮ್ಯಾಕ್, 'ಸಿ' ಒತ್ತಿದರೆ ಸಿಡಿ. ಅಷ್ಟೇ ಸಂಸಾರ. ನನಗಂತೂ ಬಹಳ ಇಷ್ಟವಾಗಿತ್ತು. ಆದರೆ ಅದರ ಕೋಡ್ ನೋಡಿಕೊಳ್ಳುವವರೇ ಇಲ್ಲದಂತಾಗಿ, ಡೆಬಿಯನ್ನಿನಿಂದಲೂ ಹೊರಬಿತ್ತು. ಉಳಿದದ್ದು ಗ್ರಬ್ ಎಂಬ ಇನ್ನೊಂದು ಬೂಟ್‌ಲೋಡರ್. ಇದು ಯಾಬೂಟ್‌ಗಿಂತ ದಪ್ಪ, ಆದರೆ ಕಾಯುವವರಿದ್ದಾರೆ. ಹಳೇ ಕಂಪ್ಯೂಟರ್ ಇಟ್ಟುಕೊಂಡವರಿಗೆ ಅದೇ ಜಾಸ್ತಿ ಮುಖ್ಯ ಅಲ್ವಾ?

ಬದಲಿಸಬೇಕಾದ ಜಾಗ ಎರಡು. ಸಿಡಿಯಿಂದ ಯಂತ್ರ ಏಳುವಾಗ ಬೇಕಾಗುವ ಬೂಟ್‌ಲೋಡರ್ ಒಂದು. ಇನ್‌ಸ್ಟಾಲರ್ ಕೊನೆಗೆ ಹಾರ್ಡ್‌ಡಿಸ್ಕಿಗೆ ಬರೆಯುವುದು ಇನ್ನೊಂದು.

ಸಿಡಿ ಕೆಲಸ ಸಲೀಸಾಗಿ ಆಯಿತು. ಗ್ರಬ್ ಜೊತೆ ಬರುವ ಗ್ರಬ್-ಎಂಕೆರೆಸ್ಕ್ಯೂ ಎಂಬ ಕಮಾಂಡು, ಒಳಗೊಳಗೇ ಕ್ಸೊರಿಸೊ ಎಂಬ ಸಿಡಿ ಕಟ್ಟುವ ಸಾಧನ ಬಳಸಿ, ಸಿಡಿಯ ಮಾಮೂಲಿ ಐಎಸ್ಒ ರೂಪದ ಜೊತೆಗೆ ಮ್ಯಾಕ್‌ಗೆ ಅರ್ಥವಾಗುವ ಎಚ್ಎಫ್ಎಸ್ ಪ್ಲಸ್ ಎಂಬ ಆಪಲ್ ಫೈಲ್ ವ್ಯವಸ್ಥೆಯ ಪದರವನ್ನೂ ಸೇರಿಸಿಕೊಡುತ್ತದೆ. 'ಸಿ' ಕೀ ಹಿಡಿದು ಆನ್ ಮಾಡಿದೆ. ಡ್ರೈವ್ ಗರಗರ ಅಂದು ಗ್ರಬ್ ಮೆನು ಬಂತು. ಅದರ ಪ್ರಾಂಪ್ಟಿಗೆ ಹೋಗಿ ಸುಮ್ನೆ 'ಎಲ್ಎಸ್' ಅಂತ ಹೊಡೆದರೆ ಡಿಸ್ಕು, ಅದರ ಭಾಗಗಳಾದ ಪಾರ್ಟಿಷನ್ನು ಎಲ್ಲ ಸಾಲಾಗಿ ಕಾಣುತ್ತವೆ. ಯಾಬೂಟ್ ಕಾಲದಲ್ಲಿ ಇಂಥ ಸುಖ ಇರಲಿಲ್ಲ.

ಹಾರ್ಡ್‌ಡಿಸ್ಕೇ ಸತಾಯಿಸಿದ್ದು. ಯಾಬೂಟ್‌ಗೆ 800 ಕೆಬಿಯ ಪುಟ್ಟ ಬೂಟ್ ಪಾರ್ಟಿಷನ್ ಸಾಕಾಗುತ್ತಿತ್ತು. ಗ್ರಬ್ಬಿನ ಮಾಡ್ಯೂಲ್‌ಗಳೇ ಎಂಬಿ ಲೆಕ್ಕದಲ್ಲಿರುತ್ತವೆ. ಹಾಗಾಗಿ ದೊಡ್ಡದೊಂದು ಎಚ್ಎಫ್ಎಸ್ ಪಾರ್ಟಿಷನ್ ಮಾಡಿ, ಅದನ್ನೇ ಗ್ರಬ್ ಫೋಲ್ಡರಾಗಿ ಮೌಂಟ್ ಆಗುವಂತೆ (ಆ ಫೋಲ್ಡರಿನ ಜಾಗದಲ್ಲಿ ತೆರೆದುಕೊಳ್ಳುವಂತೆ) ಇನ್‌ಸ್ಟಾಲರಿನ ಪಾರ್ಟಿಷನ್ ಪಟ್ಟಿ ತಿದ್ದಿದೆ. ಇನ್‌ಸ್ಟಾಲ್ ಮುಗಿಯಿತು, ಒಂದೂ ದೂರು ಬರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಬೂದು ಪರದೆ, ನಡುವೆ ಪ್ರಶ್ನಾರ್ಥಕ ಚಿಹ್ನೆಯ ಫೋಲ್ಡರ್ ಮಿಣುಕುತ್ತಿದೆ.

ಕಮಾಂಡ್, ಆಪ್ಷನ್, ಓ, ಎಫ್ ನಾಲ್ಕೂ ಕೀ ಒಟ್ಟಿಗೆ ಹಿಡಿದು ಯಂತ್ರದೊಳಗೇ ಕೂತಿರುವ ಮೂಲ ಪ್ರೋಗ್ರಾಮ್ ಓಪನ್ ಫರ್ಮ್‌ವೇರ್‌ನ ಪ್ರಾಂಪ್ಟಿಗೆ ಇಳಿದೆ. ಗ್ರಬ್ ಫೈಲಿನ ಪೂರ್ತಿ ದಾರಿ ಟೈಪ್ ಮಾಡಿ ಬೂಟ್ ಅಂದರೆ ಸರಾಗವಾಗಿ ಎದ್ದಿತು! ಅಂದರೆ ಗ್ರಬ್ ಸರಿಯಾಗಿಯೇ ಇದೆ, ಫರ್ಮ್‌ವೇರ್‌ಗೆ ತಾನಾಗಿ ಸಿಗುತ್ತಿಲ್ಲ. ಕಾರಣ ಇಷ್ಟೇ: ಈ ಮ್ಯಾಕ್‌ಗಳು ಫೈಲಿನ ಹೆಸರು ನೋಡಿ ಹುಡುಕುವುದಿಲ್ಲ. 'ಬ್ಲೆಸ್' ಮಾಡಿದ, ಅಂದರೆ ಬೂಟ್ ಮಾಡಲು ಇದೇ ಅಂತ ಗುರುತು ಹಾಕಿದ, ಫೋಲ್ಡರಿನೊಳಗೆ ಟಿಬಿಎಕ್ಸ್ಐ ಎಂಬ ನಾಲ್ಕಕ್ಷರದ ಗುರುತಿರುವ ಫೈಲ್ ಹುಡುಕುತ್ತವೆ. ಎಚ್ಎಫ್ಎಸ್‌ಯುಟಿಲ್ಸ್ ಎಂಬ ಸಾಧನಗಳ ಪ್ಯಾಕೇಜ್ ಹಾಕಿ ಪಾರ್ಟಿಷನ್ ತೆರೆದು ನೋಡಿದೆ. ಗುರುತು ಇರಬೇಕಾದ ಜಾಗದಲ್ಲಿ ನಾಲ್ಕು ಪ್ರಶ್ನಾರ್ಥಕ ಚಿಹ್ನೆ. ಎಚ್ಆಟ್ರಿಬ್ ಕಮಾಂಡಿನಲ್ಲಿ ಗುರುತು ಕೊಟ್ಟೆ, ಫೋಲ್ಡರನ್ನು ಬ್ಲೆಸ್ ಮಾಡಿದೆ. ಮುಂದಿನ ಸಲ ಪವರ್ ಬಟನ್ ಒತ್ತಿದಾಗ ನೇರವಾಗಿ ಗ್ರಬ್ ಮೆನು. ಬೂಟ್‌ಲೋಡರ್ ಎಷ್ಟೇ ಹೊಸದಾಗಲಿ, ಹಳೇ ಫರ್ಮ್‌ವೇರ್ ಕೇಳುವ ಈ ಗುರುತಿನ ಚೀಟಿ ತಪ್ಪುವುದಿಲ್ಲ. ಆ ಎರಡು ಕಮಾಂಡನ್ನು ಇನ್‌ಸ್ಟಾಲರಿನ ಕೊನೆಯ ಸ್ಕ್ರಿಪ್ಟಿಗೇ ಸೇರಿಸಿದೆ.

ಅಷ್ಟಾದ ಮೇಲೂ ಪ್ಯಾಕೇಜ್ ಇಳಿಸಲು ಹೋದರೆ ಸಹಿ ಸರಿಯಿಲ್ಲ ಅಂತ ತಕರಾರು. ಬ್ಯಾಟರಿ ಸತ್ತು ಗಡಿಯಾರ ಯಾವುದೋ ಕಾಲಕ್ಕೆ ಹೋಗಿತ್ತು. ತಾರೀಖು ಕೈಯಿಂದ ತಿದ್ದಿದ ಮೇಲೆ ಸುಮ್ಮನಾಯಿತು. ವೈಫೈ ಇನ್ನೂ ಬಂದಿಲ್ಲ, ಅದರ ಬ್ರಾಡ್‌ಕಾಮ್ ಚಿಪ್ಪಿಗೆ ಬೇರೆ ಫರ್ಮ್‌ವೇರ್ ಹಾಕಬೇಕು. ಸದ್ಯಕ್ಕೆ ಕೇಬಲ್ ಚುಚ್ಚಿಕೊಂಡೇ ನಡೆಸುತ್ತಿದ್ದೇನೆ.