13ನೇ ಚಾನೆಲ್‌ನ್ಯಾಗ ಕೈ ಕೊಡೋ ವೈಫೈ ಡಾಂಗಲ್, ಭಾಗ 3: ಕಳ್ಳ ಸಿಕ್ಕ

ಮೂರು ವಾರದಿಂದ ಕಾಡ್ಲತ್ತಿದ್ದ ಬಗ್ ನಿನ್ನಿ ರಾತ್ರಿ ಸಿಕ್ತು ನೋಡ್ರಿ. ಲ್ಯಾಪ್‌ಟಾಪಿಗಿ ಚುಚ್ಚೋ ಹಳೇ ಯುಎಸ್‌ಬಿ ವೈಫೈ ಡಾಂಗಲ್, ಅದರ ಡ್ರೈವರ್ (ಅದನ್ನ ನಡಸೋ ಪ್ರೋಗ್ರಾಂ) ಲಿನಕ್ಸ್ ಕರ್ನಲ್‌ನ್ಯಾಗ ಇಲ್ಲ, ಹೊರಗಿನ ಸೋರ್ಸ್ ತಂದು ಕಂಪೈಲ್ ಮಾಡಿ ಹಾಕೀನಿ. ರೂಟರ್ ಪಡಸಾಲ್ಯಾಗ, ನಾನು ಒಳಖೋಲ್ಯಾಗ, ನಡುವ ಮೊಳದಪ್ಪ ಕಲ್ಲಿನ ಗ್ವಾಡಿ (ಕಲಬುರಗಿ ಬ್ರಹ್ಮಪುರದ ಹಳೇ ಮನಿ ಅಂದ್ರ ಹಿಂಗೇ). ನೆಟ್‌ವರ್ಕ್ ಹೆಸರು ಕಾಣ್ತದ, ಸಿಗ್ನಲ್ ಕಡ್ಡಿನೂ ಮೂರು ತೋರಸ್ತದ, ಆದ್ರ ಕನೆಕ್ಟ್ ಆಗಂಗಿಲ್ಲ. ಲ್ಯಾಪ್‌ಟಾಪ್ ಎತ್ಗೊಂಡು ರೂಟರ್ ಬಾಜು ಕುಂತ್ರ ಛಲೋ ನಡೀತದ. ಗ್ವಾಡಿಗಿ ಬೈಕೋತ ಇದ್ದೆ, ಅವ್ವ ಅಂದ್ಳು, 'ಅದೇ ಗ್ವಾಡಿ ದಾಟಿ ನನ್ನ ಫೋನ್ ನಡೀತದಲ್ಲೋ'. ಹೌದಲ್ಲ!

ಆಮ್ಯಾಲ ನೆನಪಾಯ್ತು, ಓಣಿಯವ್ರ ವೈಫೈ ಎಲ್ಲ 1, 6, 11ನೇ ಚಾನೆಲ್ (ರೇಡಿಯೋ ಪಟ್ಟಿ) ಮ್ಯಾಲೇ ಕುಂತಾವಂತ ರೂಟರ್ 13ಕ್ಕ ಹಾಕಿದವ ನಾನೇ. 11ಕ್ಕ ತಂದೆ, ಒಳಗಿಂದ್ಲೂ ಕನೆಕ್ಟ್ ಆಯ್ತು. ಮತ್ತ 13 ಹಾಕಿದೆ, ಇಲ್ಲ.

ಡ್ರೈವರ್‌ನ್ಯಾಗ ಟ್ರಾನ್ಸ್‌ಮಿಟ್ ಪವರ್ (ಸಿಗ್ನಲ್ ಕಳಿಸೋ ಜೋರು) ಸೆಟ್ ಮಾಡೋ ಫಂಕ್ಷನ್‌ನ್ಯಾಗ ಒಂದು ಪ್ರಿಂಟ್ (ಅಂಕಿ ಲಾಗ್‌ನ್ಯಾಗ ಬರಿಯೋ ಸಾಲು) ಹಾಕಿದೆ, ಅಷ್ಟರಾಗ ಕರೆಂಟ್ ಹೋಗಿ ರೂಟರ್ ಬಂದ್, ಒಂದು ತಾಸು ಬೀಸಣಿಕಿ ಬೀಸ್ಕೋತ ಕುಂತೆ. ಕರೆಂಟ್ ಬಂದ್ ಮ್ಯಾಲ ಲಾಗ್‌ನ್ಯಾಗ ಬಂದ ಸಾಲು: ಚಾನೆಲ್ 13, ಇಂಡೆಕ್ಸ್ 13, ಪವರ್ 0.

ಸೊನ್ನಿ! ಡಾಂಗಲ್ ಚಿಪ್‌ನ್ಯಾಗಿಂದ ಓದಿಕೊಳ್ಳೋ ಪವರ್ ಟೇಬಲ್‌ನ್ಯಾಗ 14 ಮನಿ ಅವ, ಮನಿ ಎಣಿಕಿ (ಅದೇ ಇಂಡೆಕ್ಸ್) 0ರಿಂದ, ಅಂದ್ರ ಚಾನೆಲ್ 1ರದ್ದು 0ನೇ ಮನ್ಯಾಗ. ಡ್ರೈವರ್ ಬರದ ಪುಣ್ಯಾತ್ಮ ಚಾನೆಲ್ ನಂಬರನ್ನೇ ಸೀದಾ ಇಂಡೆಕ್ಸ್ ಮಾಡ್ಯಾನ. ಹಿಂಗಾಗಿ 1ಕ್ಕ 2ರ ಪವರ್, 11ಕ್ಕ 12ರ ಪವರ್, ಬಾಜೂಬಾಜೂ ಮನಿಯ ಅಂಕಿ ಹೆಚ್ಚುಕಮ್ಮಿ ಒಂದೇ ಇರ್ತಾವ, ಯಾರಿಗಿ ಗೊತ್ತಾಗ್ಬೇಕು? 13ಕ್ಕ ಮಾತ್ರ 14ರ ಮನಿ ಬಂತು. 14 ಜಪಾನ್‌ನ್ಯಾಗಷ್ಟೇ ನಡೆಯೋ ಚಾನೆಲ್, ಕಂಪನಿಯವ್ರು ಅದನ್ನ ಖಾಲಿ ಬಿಟ್ಟಾರ. ಈ ಟೇಬಲ್‌ನ್ಯಾಗ ಒಂದೊಂದು ಅಂಕಿ ಅಂದ್ರ ಅರ್ಧ ಡಿಬಿಎಂ (ಸಿಗ್ನಲ್ ಪವರ್ ಅಳಿಯೋ ಮಾನ), 34 ಅಂದ್ರ 17 ಡಿಬಿಎಂ, ಸುಮಾರು 50 ಮಿಲಿವ್ಯಾಟ್. 0 ಅಂದ್ರ ಬರೇ 1 ಮಿಲಿವ್ಯಾಟ್. ರೂಟರ್ ಒದರೋದು ಇದಕ್ಕ ಕೇಳ್ತದ, ಇದು ಪಿಸುಗುಟ್ಟಿದ್ದು ಗ್ವಾಡಿ ದಾಟಂಗಿಲ್ಲ.

ಯುಬಿಸ್ಯಾನ್ (ಟೇಬಲ್ ಹೊರಗಿನ ಮನಿಗಿ ಕೈ ಹಾಕೋದಂಥ ತಪ್ಪು ಹಿಡಿಯೋ ಕರ್ನಲ್ ಕಾವಲುಗಾರ) ಆನ್ ಇದ್ರೂ ಯಾಕ ಒದರಲಿಲ್ಲ ಅಂತ ಭಾಳ ತಲಿ ಕೆಡಿಸ್ಕೊಂಡಿದ್ದೆ. 13ನೇ ಇಂಡೆಕ್ಸ್ ಟೇಬಲ್ ಒಳಗೇ ಅದ, ಅದರ ದೃಷ್ಟಿಲೆ ತಪ್ಪೇ ಇಲ್ಲ. ಚಾನೆಲ್ 14 ಕೇಳಿದ್ರಷ್ಟೇ ಹೊರಗ ಬೀಳ್ತಿತ್ತು, ವೈಫೈ ಸೆಟ್ಟಿಂಗ್‌ನ್ಯಾಗ ನಮ್ಮ ದೇಶದ ಕೋಡ್ ಇಟ್ರ 14ರ ತಂಟೆಗೇ ಹೋಗಂಗಿಲ್ಲ.

ಚಾನೆಲ್ ನಂಬರಿನ್ಯಾಗಿಂದ ಒಂದು ಕಳದು ಇಂಡೆಕ್ಸ್ ಮಾಡಿದೆ, ಮ್ಯಾಲ 1ರಿಂದ 14ರ ಹೊರಗಿನ ನಂಬರ್ ಬಂದ್ರ ವಾಪಸ್ ಕಳಿಸೋ ಚೆಕ್ ಹಾಕಿದೆ. ಈಗ 13ಕ್ಕ ಪವರ್ 34 ತೋರಸ್ಲತ್ತದ, ಈ ಪೋಸ್ಟ್ ಒಳಖೋಲಿಯಿಂದ್ಲೇ ಬರದೀನಿ. ಸ್ಕ್ಯಾನ್ ಫಂಕ್ಷನ್‌ನ್ಯಾಗೂ ಅದೇ ಟೇಬಲ್ ಬಳಸ್ಯಾರ, ಅದು ಐತವಾರ ನೋಡ್ತೀನಿ.